ಗುಳ್ಳೆರಾಯ

ಮೇಕಪ್ ಕೋಣೆಯ ಕನ್ನಡಿ ಮುಂದೆ ಅತ್ತೆ ಅಗಲ ಅಂಚಿನ ಟೋಪಿ ಹಾಕಿಕೊಂಡು ಕೂತಿದ್ದರು. ಕುಟುಂಬ ಕ್ವಿಜ್‌ನ ಫೈನಲ್ ಗೆದ್ದವರ ಮನೆಮಂದಿಯನ್ನೆಲ್ಲ ಟೀವಿಯವರು ಹಡಗಿನಲ್ಲಿ ಪ್ರವಾಸಕ್ಕೆ ಕರೆದೊಯ್ಯುತ್ತಾರೆ. ಟೋಪಿ ಅದಕ್ಕೆಂದೇ ಕೊಂಡದ್ದು. ಫೈನಲ್ ಇನ್ನೂ ಶುರುವೇ ಆಗಿರಲಿಲ್ಲ.

"ಅತ್ತೆ, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತಲ್ಲ," ಎಂದಳು ಸೊಸೆ.

"ಕುಲಾವಿ ನೋಡಿ ನಾಚ್ಕೊಂಡಾದ್ರೂ ಹುಟ್ಟುತ್ತೆ ಬಿಡೇ. ನೀನು ಗಂಟೆ ಒತ್ತೋ ಕಡೆ ಗಮನ ಇಡು, ತಿದ್ದುಪಡಿ."

ತಿದ್ದುಪಡಿ ಎಂಬುದು ಅವಳಿಗೆ ಆ ಮನೆಯವರು ಇಟ್ಟ ಹೆಸರು. ಅಚ್ಚುಮನೆಯಲ್ಲಿ ಪುಸ್ತಕಗಳ ಕರಡು ತಿದ್ದುವುದು ಅವಳ ಕೆಲಸ. ಮದುವೆಯಾಗಿ ಬಂದ ಮೊದಲ ವಾರವೇ ಅವಳಿಗೆ ತಿಳಿದುಹೋಗಿತ್ತು, ಈ ಮನೆಯಲ್ಲಿ ಯಾವ ವಸ್ತುವಿಗೂ ಅದರ ಹೆಸರಿಲ್ಲ ಎಂದು. ಕುಕ್ಕರ್ ಎಂದರೆ ಕೂಗಮ್ಮ, ಬಟ್ಟೆ ಒಗೆಯುವ ಯಂತ್ರ ಎಂದರೆ ಕುಣಿಯೋಳು. "ಕುಣಿಯೋಳು ನಿಂತ್ಳಾ ನೋಡು," ಎಂದು ಅತ್ತೆ ಹೇಳಿದಾಗ ಹೊಸ ಸೊಸೆ ಬೀದಿಗೆ ಹೋಗಿ ನೋಡಿ ಬಂದಿದ್ದಳು. ಆಮೇಲೆ ಎಲ್ಲವನ್ನೂ ತಿದ್ದತೊಡಗಿದಳು. ಅವರು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಆದರೆ ಎಲ್ಲರೂ ಒಟ್ಟಿಗೆ ನಗುವಾಗ ಸಕ್ಕರೆ ಡಬ್ಬಿಯಲ್ಲಿ ಬಿದ್ದ ಉಪ್ಪಿನ ಹರಳಿನಂತೆ ತಾನೊಬ್ಬಳೇ ಬೇರೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಬಣ್ಣ ಒಂದೇ, ರುಚಿ ಬೇರೆ. ಮಗಳು ಕಾಲೇಜು ಸೇರಿದ ಮೇಲೂ ಆ ಅನ್ನಿಸಿಕೆ ಹೋಗಿರಲಿಲ್ಲ.

ಇವತ್ತಿನ ಕುರ್ಚಿಯೂ ಅವಳದಲ್ಲ, ನಾದಿನಿಯದು. ಸೆಮಿಫೈನಲ್ ಗೆದ್ದ ಖುಷಿಗೆ ಕಿರುಚಿ ಕಿರುಚಿ ನಾದಿನಿಯ ಗಂಟಲು ಕಟ್ಟಿತ್ತು. ಮಾತಿರಲಿ, ಗೊರಕೆಗೂ ದನಿ ಇರಲಿಲ್ಲವಂತೆ. ಹಾಗಾಗಿ ಇವಳು ಬಂದಳು. ಮನೆಯಲ್ಲಿ ಅಭ್ಯಾಸ ಮಾಡುವಾಗಲೆಲ್ಲ ಇವಳಿಗೆ ಉತ್ತರ ಗೊತ್ತಿರುತ್ತಿತ್ತು, ಒತ್ತುವುದು ಮಾತ್ರ ತಡ. ಯಾವ ಸಾಲನ್ನೂ ಎರಡು ಸಲ ಓದದೆ ಪೆನ್ನು ಮುಟ್ಟಿಸಿದವಳಲ್ಲ. "ಇವಳಿಗೆ ಎಲ್ಲಾ ಗೊತ್ತು, ಬಸ್ಸು ಹೋದ್ಮೇಲೆ ಗೊತ್ತು," ಎಂದು ಗಂಡ ನಕ್ಕಿದ್ದ. ತನ್ನಿಂದ ಇವರು ಸೋಲಬಾರದು, ಅಷ್ಟಾದರೆ ಸಾಕು ಎಂದುಕೊಂಡು ಅವಳು ದೀಪಗಳ ಕೆಳಗೆ ಹೋಗಿ ಕೂತಳು.

ಎದುರು ತಂಡ ಒಬ್ಬ ಹಲ್ಲಿನ ಡಾಕ್ಟರ ಮನೆಯವರು. ನಾಲ್ವರೂ ನಕ್ಕರೆ ಕ್ಯಾಮೆರಾದವನು ದೀಪ ಕಡಿಮೆ ಮಾಡಬೇಕಿತ್ತು. ಪ್ರಶ್ನೆಗಳು ಸುರಿದವು. ಮಗಳು ಒತ್ತಿದಳು, ಸರಿ. ಡಾಕ್ಟರು ಒತ್ತಿದರು, ಸರಿ. ಅತ್ತೆ ಟೋಪಿಯ ಸಮೇತ ಒತ್ತಿ ಒಂದು ರಾಜಧಾನಿಯ ಹೆಸರು ಹೇಳಿ, "ಯಾಕೆ, ನಂಗೊತ್ತಿರಲ್ಲ ಅಂದ್ಕೊಂಡ್ರಾ?" ಎಂದು ನಿರೂಪಕನನ್ನೇ ಗದರಿದರು. ಸೊಸೆ ಮಾತ್ರ ಒಮ್ಮೆಯೂ ಒತ್ತಿರಲಿಲ್ಲ. ಆದರೂ ಅವಳ ಎದೆ ಡವಗುಟ್ಟುತ್ತಿತ್ತು, ಹೆದರಿಕೆಗಲ್ಲ. ಇದು ಇಷ್ಟು ಚೆನ್ನಾಗಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ!

ಇವಳ ಮನೆಯವರು ಒಂದು ಅಂಕ ಮುಂದಿದ್ದರು. ಕೊನೆಯ ಸುತ್ತಿನ ಕೊನೆಯ ಪ್ರಶ್ನೆ.

"ಗಾಜಿನ ನಳಿಗೆಯೊಳಗಿನ ಗುಳ್ಳೆಯನ್ನು ನೋಡಿ ಮರದ ಹಲಗೆ ಸಮವಾಗಿ ಕೂತಿದೆಯೇ ಎಂದು ತಿಳಿಸುವ ಉಪಕರಣ..."

ಗಂಡ ಮನೆಮನೆಗೆ ಹೋಗಿ ಕಪಾಟು ಕೂರಿಸುವ ಬಡಗಿ. ಆ ಉಪಕರಣ ಅವರ ಊಟದ ಮೇಜಿನ ಮೇಲೇ ಬಿದ್ದಿರುತ್ತಿತ್ತು. ಅವಳ ಕೈ ತಾನೇ ಹೋಗಿ ಗಂಟೆಗೆ ಬಡಿಯಿತು.

"ಗುಳ್ಳೆರಾಯ!"

ನಿರೂಪಕ ಚೀಟಿಯಿಂದ ತಲೆ ಎತ್ತಿದ.

"ಏನಂದ್ರಿ ಮೇಡಂ?"

"ಅಯ್ಯೋ, ಅಲ್ಲ! ರಸಮಟ್ಟ, ರಸಮಟ್ಟ!"

"ಕ್ಷಮಿಸಿ, ಮೊದಲು ಬಾಯಿಗೆ ಬಂದದ್ದೇ ಉತ್ತರ. ಗುಳ್ಳೆರಾಯ ತಪ್ಪು."

ಪ್ರಶ್ನೆ ಎದುರಿನವರಿಗೆ ಹೋಯಿತು. ಉತ್ತರ ಅವರ ಕಿವಿಗೆ ಬಿದ್ದಿತ್ತು, ಆದರೆ ಒಮ್ಮೆ ಹೇಳಿಬಿಟ್ಟ ಪದವನ್ನು ಇನ್ನೊಬ್ಬರು ಹೇಳುವಂತಿಲ್ಲ. ಡಾಕ್ಟರು ಕಣ್ಣು ಮಿಟುಕಿಸದೆ ಅದನ್ನೇ ಇಂಗ್ಲಿಷಿನಲ್ಲಿ, "ಸ್ಪಿರಿಟ್ ಲೆವೆಲ್," ಎಂದರು. ಅಂಕ ಸರಿಸಮ.

ಭೂಮಿ ಬಾಯಿ ಬಿಡಬಾರದೇ ಎಂದುಕೊಂಡು ಅವಳು ಪಕ್ಕಕ್ಕೆ ತಿರುಗಿದಳು. ಅಲ್ಲಿ ಗಂಡ ಮೇಜಿನ ಮೇಲೆ ತಲೆ ಇಟ್ಟು ನಗುತ್ತಿದ್ದ. ಮಗಳ ಕಣ್ಣಲ್ಲಿ ನೀರು. ಅತ್ತೆ ಮಗನ ಬೆನ್ನಿಗೆ ಗುದ್ದುತ್ತಿದ್ದರು.

"ಕೇಳಿದ್ಯೇನೋ? ಗುಳ್ಳೆರಾಯ ಅಂದ್ಳು ಕಣೋ! ನಾವ್ಯಾರೂ ಅಲ್ಲ, ಇವಳು!"

"ಹೀಗಾದ್ರೆ ಸೋಲ್ತೀವಿ ಅತ್ತೆ!"

"ಸೋತ್ರೆ ಸೋಲ್ತೀವಿ, ಟೋಪಿ ಹಾಕ್ಕೊಂಡು ಸಂತೆಗೆ ಹೋಗ್ತೀನಿ."

ಅವಳ ಹೊಟ್ಟೆಯೊಳಗಿಂದ ಏನೋ ಉಕ್ಕಿ ಬಂತು. ಅಳು ಎಂದುಕೊಂಡಳು, ನಗುವಾಗಿತ್ತು. ತುಟಿ ಕಚ್ಚಿದರೂ ನಿಲ್ಲಲಿಲ್ಲ.

ಸಮ ಬಿಡಿಸಲು ಇನ್ನೊಂದೇ ಪ್ರಶ್ನೆ, ಪ್ರತಿ ಮನೆಯಿಂದ ಒಬ್ಬರು ನಡುಮೇಜಿಗೆ ಬರಬೇಕು ಎಂದ ನಿರೂಪಕ. ಡಾಕ್ಟರು ಕೋಟಿನ ಗುಂಡಿ ಹಾಕಿಕೊಂಡು ಎದ್ದರು. ಇತ್ತ ಗಂಡ ಅರ್ಧ ಎದ್ದಿದ್ದ. ಅತ್ತೆ ಅವನ ಅಂಗಿ ಹಿಡಿದು ಕೂರಿಸಿದರು.

"ಇವಳು ಹೋಗ್ಲಿ. ಈಗ ತಾನೇ ಬಿಸಿಯಾಗಿದಾಳೆ."

"ನಾನಾ? ಬೇಡ ಅತ್ತೆ, ನಾನು..."

"ಹೋಗೇ ಸುಮ್ನೆ!"

ಅವಳು ಹೋದಳು. ಅಂಗೈ ಗಂಟೆಯ ಮೇಲೆ.

"ಮೂರು ಹೃದಯ, ನೀಲಿ ರಕ್ತ..."

ಟಣ್!

ಒತ್ತಿದ್ದು ತಾನೇ ಎಂದು ಅವಳಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಹಿಂದೆ ಕರಡು ತಿದ್ದಿದ್ದ ಮಕ್ಕಳ ಪುಸ್ತಕವೊಂದರ ಪುಟ ಕಣ್ಣ ಮುಂದೆ ಬಂತು.

"ಆಕ್ಟೋಪಸ್!"

ಹೇಳಿದ್ದೇ ತಡ, ಅದೇ ಪುಸ್ತಕದ ಮುಂದಿನ ಪುಟವೂ ನೆನಪಾಯಿತು. ಸ್ಕ್ವಿಡ್. ಅದಕ್ಕೂ ಮೂರೇ ಹೃದಯ, ಅದಕ್ಕೂ ನೀಲಿ ರಕ್ತ! ಒಂದಕ್ಕೆ ಎಂಟು ತೋಳು, ಇನ್ನೊಂದಕ್ಕೆ ಎಂಟು ತೋಳಿನ ಜೊತೆಗೆ ಎರಡು ಉದ್ದನೆಯ ಬಳ್ಳಿಗಳು, ಒಟ್ಟು ಹತ್ತು. ಜನ್ಮದಲ್ಲಿ ಮೊದಲ ಸಲ ಒಂದು ಸಾಲನ್ನು ಪೂರ್ತಿ ಓದದೆ ಗುರುತು ಹಾಕಿದ್ದಳು.

ಡಾಕ್ಟರಿಗೂ ಅದು ಹೊಳೆದಿರಬೇಕು. ಅವರ ಮುಖದಲ್ಲಿ ಸಣ್ಣ ನಗು ಮೂಡಿತು.

"ಪ್ರಶ್ನೆ ಇನ್ನೂ ಮುಗಿದಿರಲಿಲ್ಲ ಮೇಡಂ," ಎಂದು ನಿರೂಪಕ ಚೀಟಿ ಎತ್ತಿದ. "ಪೂರ್ತಿ ಓದ್ಲಾ?"

"ಓದಿ!" ಎಂದಳು. ಅವಳ ದನಿ ಅವಳಿಗೇ ಹೊಸದಾಗಿತ್ತು. "ಬೇಗ ಓದಿ!"

"ಮೂರು ಹೃದಯ, ನೀಲಿ ರಕ್ತ ಮತ್ತು..." ಅವನು ಬೇಕೆಂದೇ ನಿಲ್ಲಿಸಿದ. "ಎಂ..."

'ಟು' ಎನ್ನುವಷ್ಟರಲ್ಲಿ ಅತ್ತೆ ಕುರ್ಚಿ ಕೆಡವಿ ಓಡಿ ಬಂದಾಗಿತ್ತು. ಟೋಪಿ ಎಲ್ಲಿ ಹೋಯಿತೋ. ಹಿಂದೆ ಮಗಳು, ಅವಳ ಹಿಂದೆ ಗಂಡ; ಮೂವರೂ ಒಟ್ಟಿಗೆ ಅವಳ ಮೇಲೆ ಬಿದ್ದರು. ಉಸಿರು ಕಟ್ಟಿತು. ಯಾರ ಕೈ ಯಾರ ಕತ್ತು ಒಂದೂ ತಿಳಿಯಲಿಲ್ಲ.

ನಿರೂಪಕ ಮೈಕು ಮುಂದೆ ಚಾಚಿದ. "ಮೇಡಂ, ಈಗ ಹೇಗನ್ನಿಸ್ತಿದೆ?"

ಅವಳು ಕೆದರಿದ ಕೂದಲನ್ನು ಹಿಂದಕ್ಕೆ ತಳ್ಳುತ್ತ ಕೆಮ್ಮಿದಳು.

"ಮೊದಲು ನೀರು ಕೊಡ್ರಿ ನಮ್ಮ ಹುಡುಗಿಗೆ," ಎಂದು ಅತ್ತೆ ಮೈಕನ್ನು ತಳ್ಳಿದರು.

ಯಾರೋ ಲೋಟ ತಂದರು. ಅರ್ಧ ಕುಡಿದಳು, ಅರ್ಧ ಸೀರೆಗೆ ಚೆಲ್ಲಿಕೊಂಡಳು. ಸೆರಗಿನಿಂದ ಬಾಯಿ ಒರೆಸಿಕೊಂಡು ನಿರೂಪಕನ ಕೈಯಲ್ಲಿದ್ದ ಚೀಟಿಗಳನ್ನು ಆಸೆಯಿಂದ ನೋಡಿದಳು.

"ಅಷ್ಟೇನಾ? ಇನ್ನೊಂದು ಕೇಳಿ!"