ಬಸವರಾಜು ಕಟ್ಟಿದ ಮೀನಿನ ಜೋಡಿ

ಎತ್ತಿನ ಜೋಡಿ ಕಟ್ಟುವುದರಲ್ಲಿ ಗಾವಡಗೆರೆ ಹೋಬಳಿಯಲ್ಲೇ ನಮ್ಮ ಪಕ್ಕದ ಮನೆಯ ಬಸವರಾಜುವಿನಂಥವನು ಇನ್ನೊಬ್ಬನಿಲ್ಲ. ಇದನ್ನು ಅವನೇ ಹೇಳಿಕೊಳ್ಳುತ್ತಿದ್ದ, ನಾವು ತಲೆಯಾಡಿಸುತ್ತಿದ್ದೆವು. ಮಾತೇನೂ ಸುಳ್ಳಲ್ಲ. ಜೋಡಿಯಲ್ಲಿ ಒಂದು ಸತ್ತು ಒಂಟಿ ಎತ್ತು ಉಳಿದವರು ಪಿರಿಯಾಪಟ್ಟಣದಿಂದ, ಎಚ್.ಡಿ. ಕೋಟೆಯಿಂದ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಬಣ್ಣ, ಎತ್ತರ ನೋಡಿ ಎತ್ತು ತಂದವರನ್ನು ಅವನು ಬಾಯಿಗೆ ಬಂದಂತೆ ಬೈಯುತ್ತಿದ್ದ. "ನಡಿಗೆ ನೋಡ್ರಲಾ ಮೊದ್ಲು! ಒಂದು ಓಡಿ, ಒಂದು ತೆವಳಿದ್ರೆ ನಿಧಾನದ್ದರ ಕತ್ತು ಹುಣ್ಣಾಯ್ತದೆ."

ಇಂಥ ಮನೆಗೆ ಸೊಸೆಯಾಗಿ ಕೆ.ಆರ್. ನಗರದ ರಮ್ಯ ಬಂದಳು. ಬರುವಾಗ ತವರಿನಿಂದ ಗಾಜಿನ ಪೆಟ್ಟಿಗೆಯಲ್ಲಿ ಎರಡು ಗೋಲ್ಡ್ ಫಿಶ್ ತಂದಳು. ಮಾಮೂಲಿ ಮೀನಲ್ಲ. ಬಸುರಿಯಂತೆ ಗುಂಡು ಹೊಟ್ಟೆ, ತಲೆಯ ಮೇಲೆ ಕೆಂಪು ಗಂಟುಗಂಟು, ಸೀರೆಯ ಸೆರಗಿನಂತೆ ಇಳಿಬಿದ್ದ ಬಾಲ. ಈಜುವುದೂ ಅಷ್ಟೇ, ಹೊರಳಾಡಿಕೊಂಡು. ಊರಿನವರು ಬಂದು ಬಂದು ನೋಡಿದರು. "ಸಾರಿಗಾಗಲ್ಲ, ಹುರಿಯಾಕಾಗಲ್ಲ, ಇದನ್ಯಾಕವ್ವ ಸಾಕೋದು?" ಎಂದು ಎದುರು ಮನೆಯ ಚೆಲುವಮ್ಮ ಕೇಳಿದಾಗ ರಮ್ಯ ನಕ್ಕುಬಿಟ್ಟಳು. ಹೊಸ ಮನೆಯಲ್ಲಿ ಅವಳು ನಕ್ಕಿದ್ದನ್ನು ನಾವು ಕಂಡದ್ದೇ ಆಗ.

ಸ್ವಲ್ಪ ದಿನಕ್ಕೆ ಒಂದು ಮೀನು ಸತ್ತಿತು. ಇರುವ ಪೆಟ್ಟಿಗೆ ಚಿಕ್ಕದು, ಮೊದಲು ಉದ್ದಕ್ಕೆ ಅಗಲಕ್ಕೆ ದೊಡ್ಡದೊಂದು ತೊಟ್ಟಿ ಬೇಕು, ಆಮೇಲೆ ಉಳಿದಿರುವುದರಷ್ಟೇ ನಿಧಾನದ್ದೊಂದನ್ನು ಜೊತೆಗೆ ತರೋಣ ಎಂದು ರಮ್ಯ ಗಂಡ ನಟರಾಜುವಿಗೆ ಹೇಳುತ್ತಿದ್ದಳು. ಅದು ಜಗಲಿಯಲ್ಲಿದ್ದ ಮಾವನ ಕಿವಿಗೆ ಬಿತ್ತು.

"ಜೋಡಿ ತಾನೆ? ನಂಗೆ ಬುಡವ್ವ. ಒಂಟಿ ಎತ್ತು ಮೇವು ಮುಟ್ಟಾಕಿಲ್ಲ, ಮೀನೂ ಅಂಗೇಯ."

"ಬ್ಯಾಡಿ ಮಾವ, ನಾನೂ ಬತ್ತೀನಿ, ನೋಡಿ ತರೋಣ."

"ನೀನ್ಯಾಕವ್ವ ಬಿಸಿಲಲ್ಲಿ?" ಎಂದವನೇ ಹುಣಸೂರಿನ ಬಸ್ಸು ಹತ್ತಿದ.

ಪಾಪ, ಸೊಸೆಗೆ ಖುಷಿಯಾಗಲಿ ಎಂಬುದೇ ಅವನ ಆಸೆ, ಅದನ್ನು ಇಲ್ಲವೆನ್ನಬಾರದು. ಆದರೆ ಅಂಗಡಿಯವನು "ಮನೇಲಿರೋದು ಗುಂಡಂದಾ, ಉದ್ದಂದಾ? ತೊಟ್ಟಿ ಎಷ್ಟುದ್ದ ಇದೆ?" ಎಂದು ಕೇಳಿದ್ದೇ ತಡ, ಇವನಿಗೆ ರೇಗಿತು. "ನಂಗೇ ಜೋಡಿ ಏಳ್ಕೊಡ್ತೀಯೇನಪ್ಪ?" ಎಂದ. ಅದೇ ಬಣ್ಣದ, ಅಷ್ಟೇ ಉದ್ದದ, ಚಟಪಟ ಓಡಾಡುವ ಒಂಟಿ ಬಾಲದ ಗೋಲ್ಡ್ ಫಿಶ್ ಆರಿಸಿದ. ಅದು ಸಾಲದೆಂಬಂತೆ, ಮನೆಗೆ ಬಂದವರ ಕಣ್ಣಿಗೆ ಬೀಳಲೆಂದು ಎತ್ತರದ, ಕೊಳವೆಯಂಥ ಗಾಜಿನ ತೊಟ್ಟಿಯನ್ನೂ ಹೊತ್ತು ತಂದ. ರಮ್ಯ ಮೀನನ್ನೂ ತೊಟ್ಟಿಯನ್ನೂ ನೋಡಿದಳು. ಹೊಸ ಸೊಸೆ, ಮಾವ ತಂದದ್ದು. ಏನು ಹೇಳಿಯಾಳು? "ಚೆನ್ನಾಗದೆ ಮಾವ" ಎಂದಳು.

ಆಮೇಲಿನದು ಯಾರಾದರೂ ಊಹಿಸಬಹುದು, ಬಸವರಾಜು ಒಬ್ಬನನ್ನು ಬಿಟ್ಟು. ಕಾಳು ಹಾಕಿದ ತಕ್ಷಣ ಹೊಸ ಮೀನು ಬಾಣದಂತೆ ಮೇಲೆ ಬಂದು ನುಂಗುತ್ತಿತ್ತು. ಗುಂಡು ಮೀನು ಆ ಎತ್ತರವನ್ನು ಏರಿ ಬರುವಷ್ಟರಲ್ಲಿ ಕಾಳು ಖಾಲಿ. ಅದು ಸಾಲದೆಂದು ಹೊಸದು ಅದರ ಬಾಲವನ್ನೂ ಕಚ್ಚತೊಡಗಿತು. ಸೆರಗು ಚಿಂದಿಯಾಯಿತು. ಗುಂಡು ಮೀನು ತಳ ಹಿಡಿದು ಮಲಗಿತು. ರಮ್ಯ ಅದರ ಮುಂದೆ ಕೂತು ಕೂತು ಬಡವಾದಳು. "ಬೇರೆ ಮಾಡಣ ಮಾವ" ಎಂದು ಒಮ್ಮೆ ಅಂದಳು. "ಒಂದಿಕೊಳ್ತವೆ ಬುಡವ್ವ" ಎಂದುಬಿಟ್ಟ.

ಒಂದು ಬೆಳಿಗ್ಗೆ ಅವನೇ ತೊಟ್ಟಿಯ ಮುಂದೆ ನಿಂತಿದ್ದ. ಒಂದು ಓಡುತ್ತಿದೆ, ಒಂದು ತೆವಳುತ್ತಿದೆ. ಅವನ ಮುಖ ಕಪ್ಪಿಟ್ಟಿತು. ಊರಿಗೆಲ್ಲ ನಡಿಗೆ ನೋಡಿ ಎಂದು ಬೈದವನು ತಾನು ಬಣ್ಣ ನೋಡಿ ಕಟ್ಟಿದ್ದ. ಥೂ, ಎಂದು ತನಗೆ ತಾನೇ ಅಂದುಕೊಂಡ. ಆಗಲೇ ಬಾಯಿ ಬಿಟ್ಟು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಅಷ್ಟರಲ್ಲಿ ಎಚ್.ಡಿ. ಕೋಟೆ ಕಡೆಯ ಸಿದ್ದಯ್ಯ ತನ್ನ ಒಂಟಿ ಎತ್ತಿಗೆ ಜೋಡಿ ಕೇಳಿಕೊಂಡು ಇಬ್ಬರು ನೆಂಟರ ಜೊತೆ ಬಂದ. ನಾನೂ ಜಗಲಿಯಲ್ಲಿದ್ದೆ. ಸಿದ್ದಯ್ಯನ ಕಣ್ಣು ನೇರ ತೊಟ್ಟಿಗೆ ಹೋಯಿತು.

"ಇದೇನ್ ಬಸಣ್ಣ, ಒಂದು ಸಾಯಂಗದೆ? ಈ ಜೋಡೀನೂ ನೀನೇ ಕಟ್ಟಿದ್ದಾ?"

ಬಸವರಾಜು ಕೆಮ್ಮಿದ. "ಜೋಡಿ ಸರಿಯಾಗೇ ಅದೆ ಕಣಯ್ಯ. ನಮ್ ಸೊಸೆಗೆ ಸಾಕಾಕ್ ಬರಾಕಿಲ್ಲ. ಕಾಳು ಸುರಿದೂ ಸುರಿದೂ ಕೆಡಿಸವ್ಳೆ."

ರಮ್ಯ ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕಾಫಿ ಕೊಟ್ಟಳು, ಮಾವನಿಗೂ ಕೊಟ್ಟಳು, ಒಳಗೆ ಹೋದಳು. ಬಸವರಾಜುವಿನ ಲೋಟ ಇಟ್ಟಲ್ಲೇ ಆರಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ನೆಂಟರು ಹೋದಮೇಲೆ ಅವನ ಹೆಂಡತಿ ಸುನಂದಮ್ಮ ಬಿಟ್ಟಾಳೆಯೇ? "ಏಳೋದು ಶಾಸ್ತ್ರ, ಇಕ್ಕೋದು ಗಾಳ! ಆ ಕೂಸು ಏನ್ ಮಾಡಿತ್ತು ಕಣ್ರೀ ನಿಮಗೆ?" ಎಂದು ಮೂರು ಮನೆಗೆ ಕೇಳುವಂತೆ ಉಗಿದಳು. ಆ ಉಗಿತವನ್ನಾದರೂ ತಡೆದುಕೊಳ್ಳಬಹುದಿತ್ತು. ರಮ್ಯ ಗುಂಡು ಮೀನನ್ನು ಬಟ್ಟೆ ನೆನೆಸುವ ಅಗಲದ ಟಬ್ಬಿಗೆ ಬಿಟ್ಟು, "ಇದನ್ನ ನಮ್ಮಮ್ಮನ ಮನೆಗೆ ಕಳಿಸಿಬಿಡ್ತೀನಿ ಮಾವ. ಅಲ್ಲಿ ಬದುಕ್ಕೊಳ್ಳಲಿ" ಎಂದು ಮೆಲ್ಲಗೆ ಹೇಳಿದಳಲ್ಲ, ಅದನ್ನು ತಡೆಯಲಾಗಲಿಲ್ಲ. ಈ ಮನೆಯಲ್ಲಿ ತನ್ನದೆಂದು ಅವಳಿಗಿದ್ದದ್ದು ಅದೊಂದೇ. ಬಸವರಾಜು ಅವತ್ತು ಅವಳ ಕೈಯಿಂದ ಊಟಕ್ಕೆ ಬಡಿಸಿಕೊಳ್ಳಲೂ ನಾಚಿದ.

ಮಾರನೆಯ ದಿನ, ಒಪ್ಪಿಕೊಂಡಿದ್ದಂತೆ ಎತ್ತಿನ ಜೋಡಿ ನೋಡಲು, ಸಿದ್ದಯ್ಯನ ಊರಿಗೆ ನನ್ನನ್ನೂ ಕರೆದುಕೊಂಡು ಹೋದ. ಹಟ್ಟಿಯ ಮುಂದೆ ಜನ ಸೇರಿದ್ದರು. ಎತ್ತುಗಳನ್ನು ಹೊರಗೆ ಹಿಡಿದಿದ್ದರು. ಇವನು ಅವನ್ನು ಮುಟ್ಟಲೇ ಇಲ್ಲ.

"ಸಿದ್ದಯ್ಯ, ನೆನ್ನೆ ನಾನ್ ಏಳಿದ್ದು ಸುಳ್ಳು. ಮೀನಿನ ಜೋಡಿ ಕೆಡಿಸಿದ್ದು ನಾನು. ನನ್ ಸೊಸೆ ಸರಿಯಾಗೇ ಏಳಿದ್ಲು, ನಾನು ಕೇಳ್ನಿಲ್ಲ. ಮಾನ ಓಯ್ತದೆ ಅಂತ ಅವಳ ಮೇಲೆ ಆಕ್ದೆ."

ಕೆಲವರು ಕಿಸಕ್ಕೆಂದರು. ಸಿದ್ದಯ್ಯ ಮಾತ್ರ ನಗಲಿಲ್ಲ. "ಅಂಗಾದ್ರೆ ನಾಳೆ ನಮ್ಮೆತ್ತು ಎಡವಿದ್ರೆ, ಓಡಿಸೋಕ್ ಬರಾಕಿಲ್ಲ ಅಂತ ನನ್ ಮಗನ ಮೇಲೆ ಏಳ್ತೀಯೇನೋ ಬಸಣ್ಣ" ಎಂದ.

ಬಸವರಾಜು ಟವೆಲ್ಲನ್ನು ಹೆಗಲಿಂದ ತೆಗೆದು ಮುಖ ಒರೆಸಿಕೊಂಡ. "ಬ್ಯಾರೆಯವರನ್ನ ಕರ್ಸಿ" ಎಂದು ಹಿಂದಿರುಗಿದ.

ಇಂಥ ಸುದ್ದಿಗೆ ಬಸ್ಸು ಬೇಕೇ? ನಾವು ಊರು ಮುಟ್ಟುವ ಮುಂಚೆಯೇ ಫೋನಿನಲ್ಲಿ ಮನೆಗೆ ತಲುಪಿತ್ತು. ರಮ್ಯ ಟಬ್ಬಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಮೀನಿಗೆ ಒಂದೊಂದೇ ಕಾಳು ಹಾಕುತ್ತಿದ್ದಳು. ಮೀನು ತಿನ್ನುತ್ತಿತ್ತು. ಬಸವರಾಜು ಅವಳನ್ನು ದಾಟಿ ಕೊಟ್ಟಿಗೆಯತ್ತ ನುಸುಳಲು ನೋಡಿದ.

"ಮಾವ," ಎಂದಳು. "ಇದನ್ನ ಕಳಿಸಲ್ಲ. ಉದ್ದದ ತೊಟ್ಟಿ ತರ್ಬೇಕು, ಇನ್ನೊಂದು ಗುಂಡು ಮೀನೂ ಬೇಕು. ನಾಳೆ ಹುಣಸೂರಿಗೆ ಬತ್ತೀರಾ?"

ಅವನು ತಲೆಯೆತ್ತಲಿಲ್ಲ.

"ಬತ್ತೀನಿ ಕಣವ್ವ. ಆದ್ರೆ ನೀನೇ ಆರಿಸು. ನಾನು ಚೀಲ ಇಡ್ಕೊಂಡು ಆಚೆ ನಿಂತಿರ್ತೀನಿ."