ಅಜ್ಜಿಯ ಮಾತ್ರೆ

ಸುಟ್ಟ ಹಂದಿಯ ಚರ್ಮಕ್ಕೆ ಬೆರಳು ದಪ್ಪದ ಕೊಬ್ಬು ಅಂಟಿಕೊಂಡು ತಟ್ಟೆಯಲ್ಲಿ ನಡುಗುತ್ತಿತ್ತು. ನೋಡುತ್ತಲೇ ನೂಬೆಗೆ ವಾಕರಿಕೆ ಬಂತು. ಮೂರು ತಿಂಗಳಿಂದ ದಿನಕ್ಕೆ ಐದು ಹೊತ್ತು ಇದೇ ಗೋಳು. ತಿನ್ನುವುದೂ ಅಸಹ್ಯ, ತಿಂದ ಮೇಲೆ ಉಬ್ಬುವ ಹೊಟ್ಟೆಯೂ ಅಸಹ್ಯ.

ಹತ್ತೊಂಬತ್ತರ ಈ ಹುಡುಗಿ ಕ್ವೆಂಕಾ ಪಟ್ಟಣದ ವೇಗನಡಿಗೆ ಸ್ಪರ್ಧೆಗಳಲ್ಲಿ ಹೆಸರು ಮಾಡಿದವಳು. ಬೆಳಿಗ್ಗೆ ಇಪ್ಪತ್ತು ಕಿಲೋಮೀಟರು, ಸಂಜೆ ಹತ್ತು, ಹೊಟ್ಟೆಗೆ ಒಂದು ಬಾಳೆಹಣ್ಣು, ಹೀಗೆ ನಡೆದೂ ನಡೆದೂ ನಲವತ್ತು ಕಿಲೋಗೆ ಇಳಿದಿದ್ದಳು. ಉದುರಿದ ಕೂದಲು ಬಚ್ಚಲ ತೂತು ಕಟ್ಟುತ್ತಿತ್ತು. ಬಿಸಿಲಲ್ಲೂ ಕೈ ತಣ್ಣಗೆ ಕೊರೆಯುತ್ತಿತ್ತು. ರಕ್ತದ ವರದಿ ನೋಡಿದ ಡಾಕ್ಟರಮ್ಮ, "ನಿನ್ನ ಥೈರಾಯ್ಡಿಗೆ ಕಾಯಿಲೆ ಏನೂ ಇಲ್ಲ ಕಣಮ್ಮ. ನೀನು ಹೊಟ್ಟೆಗೆ ಹಾಕ್ತಿಲ್ಲ, ಅದಕ್ಕೇ ಅದು ಒಲೆ ಸಣ್ಣ ಮಾಡ್ಕೊಂಡು ಕೂತಿದೆ. ಮಾತ್ರೆ ಬೇಡ. ತಿನ್ನು, ನಡಿಗೆ ನಿಲ್ಲಿಸು," ಎಂದಿದ್ದರು. ಈಗ ಆರು ಕಿಲೋ ಏರಿತ್ತು. ವರ್ಷದಿಂದ ನಿಂತಿದ್ದ ಮುಟ್ಟು ಕಳೆದ ವಾರ ಬಂದಿತ್ತು. ವರದಿಯ ಅಂಕಿ ಮಾತ್ರ ಇನ್ನೂ ಸರಿಯಾಗಿರಲಿಲ್ಲ. ಅದು ಸರಿಯಾಗದೆ ತಂಡದ ಆಯ್ಕೆಗೆ ಬಿಡುವುದಿಲ್ಲ, ಆಯ್ಕೆಗೆ ಉಳಿದದ್ದು ಮೂರೇ ವಾರ.

ತರಬೇತಿ ಕೊಡುವ ಎಫ್ರೈನ್ ಮೇಷ್ಟ್ರು ಅದಕ್ಕಾಗಿಯೇ ಊಟದ ಹೊತ್ತಿಗೆ ಬಂದು ಕೂತಿದ್ದರು. "ಅಜ್ಜಿ ಗಂಟಲಿಗೆ ಮಾತ್ರೆ ತಗೋತಾರಲ್ಲ, ಅದನ್ನೇ ದಿನಕ್ಕೊಂದು ನುಂಗು. ಅಂಕಿನೂ ಸರಿಹೋಗತ್ತೆ, ಈ ಬೊಜ್ಜೂ ಕರಗತ್ತೆ."

ಸೋಯ್ಲಾ ಅಜ್ಜಿಯ ಗಳಗಂಡ, ಊದಿಕೊಂಡಿದ್ದ ಥೈರಾಯ್ಡ್, ಕೊಯ್ದು ತೆಗೆದು ಮೂವತ್ತು ವರ್ಷವಾಗಿತ್ತು; ಅಂದಿನಿಂದ ದಿನಾ ಈ ಮಾತ್ರೆ. ಅವರಿದ್ದ ಕಣಿವೆಯ ಮುದುಕಿಯರಿಗೆಲ್ಲ ಗಂಟಲ ಕಾಯಿಲೆ ಅಂದರೆ ಅದೊಂದೇ. "ನನಗೆ ಹಿಡಿಸಿದ್ದು ನಿನಗ್ಯಾಕೆ ಹಿಡಿಸಲ್ಲ? ತಗೋ," ಎಂದು ಅವಳು ಒಂದು ಮಾತ್ರೆ ಬಿಡಿಸಿ ತಟ್ಟೆಯ ಪಕ್ಕ ಇಟ್ಟಳು. ಬೆಳ್ಳಗೆ, ಪುಟ್ಟದಾಗಿ, ಒಂದು ತೊಟ್ಟು ಜಿಡ್ಡಿಲ್ಲದೆ ಅದು ಎಷ್ಟು ಶುಭ್ರವಾಗಿತ್ತು! ನೂಬೆ ಕೈ ಚಾಚಿದಳು.

ಅಷ್ಟರಲ್ಲಿ ಮೇಷ್ಟ್ರು ಪಕ್ಕದಲ್ಲಿದ್ದ ನೂಬೆಯ ತಂಗಿ ಎಲ್ಸಿಯನ್ನು ಹತ್ತಿರ ಎಳೆದುಕೊಂಡರು. ಅವಳಿಗಿನ್ನೂ ಹನ್ನೊಂದು. "ಅಕ್ಕನ ಕಾಲೇ ಬಂದಿದೆ ನೋಡು ಇವಳಿಗೆ. ಆದ್ರೆ ಇದು ಹೋಗ್ಬೇಕು ಪುಟ್ಟಿ," ಎನ್ನುತ್ತಾ ಹೆಬ್ಬೆರಳು ತೋರುಬೆರಳಿನಿಂದ ಅವಳ ಸೊಂಟದ ಮಾಂಸ ಚಿವುಟಿ ಹಿಡಿದರು. ಬೆರಳ ಜಿಡ್ಡು ಅಂಗಿಗೆ ಮೆತ್ತಿತು. ಎಲ್ಸಿ ನಾಚಿ ನಕ್ಕಳು. ಆಮೇಲೆ ಚಮಚ ಕೆಳಗಿಟ್ಟು, "ನಂಗೆ ಸಾಕಜ್ಜಿ," ಅಂದಳು.

ನೂಬೆಯ ಮೈಯೆಲ್ಲ ಮುದುಡಿತು. ತನ್ನ ಹದಿನಾಲ್ಕರಲ್ಲೂ ಅವೇ ಎರಡು ಬೆರಳು, ಅದೇ ಜಾಗ. ಅವಳೂ ಅಂದು ಮನೆಗೆ ಬಂದು ಸಾಕು ಅಂದಿದ್ದಳು. ಛೀ, ಇಷ್ಟು ವರ್ಷ ಈ ಕೈಯ ಶಹಭಾಸ್‌ಗಿರಿಗೆ ಕಾದಿದ್ದೆನಲ್ಲ ಎನಿಸಿತು.

"ಕೈ ತೆಗೀರಿ ಮೇಷ್ಟ್ರೇ."

"ಏನಂದೆ?"

"ಅವಳ ಮೈಮೇಲಿಂದ ಕೈ ತೆಗೀರಿ."

ಮೇಷ್ಟ್ರು ನಕ್ಕರು. "ನಾಲ್ಕು ದಿನ ತಿಂದಿದ್ದಕ್ಕೇ ಇಷ್ಟು ಕೊಬ್ಬಾ? ಸುಮ್ನೆ ಮಾತ್ರೆ ನುಂಗು. ಇಲ್ಲಾಂದ್ರೆ ತಂಡದಲ್ಲಿ ನಿನ್ನ ಹೆಸರಿರಲ್ಲ, ಹೇಳಿದೀನಿ."

ನೂಬೆ ಮಾತ್ರೆಯನ್ನು ಅಜ್ಜಿಯ ಕಡೆ ಸರಿಸಿದಳು. "ಇದು ನಿಂದು ಅಜ್ಜಿ. ನನ್ನ ಗಂಟಲಿಗೆ ಏನೂ ಆಗಿಲ್ಲ. ನಾನು ಹಸಿದಿದ್ದೆ, ಅಷ್ಟೇ."

ತಟ್ಟೆಯಲ್ಲಿದ್ದ ಮಾಂಸದ ಚೂರೆತ್ತಿ ಕಚ್ಚಿದಳು. ಆರಿದ ಕೊಬ್ಬು ನಾಲಿಗೆಯ ಮೇಲೆ ಜಾರಿತು, ಕಣ್ಣಲ್ಲಿ ನೀರು ಬಂತು. ಅಗಿದು ನುಂಗಿದಳು, ಮತ್ತೆ ಕಚ್ಚಿದಳು. ಮೇಷ್ಟ್ರು ಕುರ್ಚಿ ಹಿಂದೆ ತಳ್ಳಿ, "ಬರ್ತೀನಮ್ಮಾ," ಎಂದು ಗಟ್ಟಿಯಾಗಿ ಹೇಳಿ ಎದ್ದರು. ಅಜ್ಜಿ ಬಾಗಿಲವರೆಗೆ ಹೋಗಲಿಲ್ಲ. ಮೊಮ್ಮಗಳ ಗಂಟಲು ಏರಿ ಇಳಿಯುವುದನ್ನೇ ನೋಡುತ್ತ ಕೂತಿದ್ದಳು. ಎಲ್ಸಿಯೂ ಅದನ್ನೇ ನೋಡುತ್ತಿದ್ದಳು. ನೂಬೆ ಮೂರನೆಯ ತುತ್ತು ಕಚ್ಚಿದಳು.