ಜೇಷ್ಠಮಧುವಿನ ಸಾಕ್ಷಿ

ತಾಂತಾ ಊರಿನ ದೊಡ್ಡ ಮಸೀದಿಯ ಹಿಂದಣ ಓಣಿಗಳಲ್ಲಿ ಶಹ್ಹಾತನ ಜೇಷ್ಠಮಧು ಪಾನಕವನ್ನು ಕುಡಿಯದವರು ವಿರಳ. ಬೇರಿನ ನಾರಿಗೆ ನೀರನ್ನೂ ಚಿಟಿಕೆ ಅಡುಗೆ ಸೋಡಾವನ್ನೂ ಚಿಮುಕಿಸಿ, ಕಪ್ಪೇರುವವರೆಗೆ ಅಂಗೈಯಲ್ಲಿ ತಿಕ್ಕಿ, ಬಟ್ಟೆಯಲ್ಲಿ ಕಟ್ಟಿ, ಅದರ ಮೂಲಕ ನೀರನ್ನು ಹನಿಹನಿಯಾಗಿ ಇಳಿಸುವುದನ್ನು ಅವನು ತಂದೆಯಿಂದ ಕಲಿತಿದ್ದ. ದಣಿದ ಮೈಗೆ ಬಲ, ಉರಿಯುವ ಹೊಟ್ಟೆಗೆ ತಂಪು ಎಂದು ಊರು ನಂಬಿತ್ತು. ಊರಿಗಿಂತ ಹೆಚ್ಚಾಗಿ ಅವನು ನಂಬಿದ್ದ.

ಆದ್ದರಿಂದ ಹೆಂಡತಿ ನಬವಿಯಾಳಿಗೆ ಹೊಟ್ಟೆಯುರಿ ತೊಡಗಿದಾಗ ಆಸ್ಪತ್ರೆಯ ಮಾತೇ ಬರಲಿಲ್ಲ. ಸಂಜೆಯ ಮೊದಲ ಲೋಟ ಅವಳದಾಯಿತು. ಕುಡಿದು ಮುಗಿಸುವ ತನಕ ಎದುರಿಗೇ ನಿಂತು, ಉರಿ ಇಳಿಯಿತೇ ಎಂದು ಕೇಳುತ್ತಿದ್ದ. ಇಳಿಯಿತು, ನಿನ್ನ ಕೈಗುಣ, ಎನ್ನುತ್ತಿದ್ದಳು. ಆ ಮಾತನ್ನು ಅವನು ಓಣಿಗೆ ಒಯ್ದ. ಅನುಮಾನಿಸುವ ಗಿರಾಕಿಗೆ, ನನ್ನನ್ನು ನಂಬಬೇಡ, ನಮ್ಮ ಮನೆಯವಳನ್ನು ಕೇಳು, ಎಂದು ಹೇಳತೊಡಗಿದ. ಕೆಲವರು ನಿಜವಾಗಿಯೂ ಬಂದು ಕೇಳಿದರು. ಅವಳು ಹೊಸ್ತಿಲಲ್ಲಿ ನಿಂತು ಸಾಕ್ಷಿ ನುಡಿದಳು.

ಎದುರುಮನೆಯ ಸಬಾಹ್ ಮಾತ್ರ ಒಮ್ಮೆ ಕೆಣಕಿದಳು. “ಅಷ್ಟು ಗುಣವಾದೋಳು ಇಷ್ಟ್ಯಾಕೆ ಒಣಗಿದ್ದೀಯೇ ತಾಯಿ?”

“ನಮ್ಮನೆ ಮೆಟ್ಟಿಲು ನೋಡಿದ್ದೀಯಲ್ಲ, ಹತ್ತೋಕೆ ಹಗುರ ಇರಬೇಕಮ್ಮ,” ಎಂದಳು ನಬವಿಯಾ. ಶಹ್ಹಾತನೂ ನಕ್ಕಿದ್ದ.

ಒಂದು ಬೆಳಿಗ್ಗೆ ಅವಳು ರಕ್ತ ಕಾರಿದಳು. ಮಗಳು ಬಹೀಗಾ ಗಂಡನ ಮನೆಯಿಂದ ಓಡಿಬಂದು ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದಳು. ನೋವು ಎಂದಿನಿಂದ ಎಂದು ಡಾಕ್ಟರು ವಿಚಾರಿಸಿದಾಗ ಶಹ್ಹಾತನೇ ಉತ್ತರಿಸಿದ: ಹೋದ ವರ್ಷದಿಂದ ಇದೆ, ಆದರೆ ಪಾನಕ ಕುಡಿದೊಡನೆ ತಗ್ಗುತ್ತಿತ್ತು. ಪರೀಕ್ಷೆಗಳಾದ ಮೇಲೆ, ಹೊಟ್ಟೆಯಲ್ಲಿರುವ ಗಡ್ಡೆ ಹಳೆಯದು, ಈಗ ಯಕೃತ್ತಿಗೂ ಹಬ್ಬಿದೆ, ಹೋದ ವರ್ಷವೇ ಬಂದಿದ್ದರೆ ಕತ್ತರಿಸಿ ತೆಗೆಯಬಹುದಿತ್ತು ಎಂದರು ಡಾಕ್ಟರು. ಯಾರನ್ನೂ ಗದರಲಿಲ್ಲ. ಗದರಿದ್ದರೆ ತಡೆದುಕೊಳ್ಳಬಹುದಿತ್ತು.

ಮನೆಗೆ ಬಂದು, ಅವಳನ್ನು ಮಂಚದಲ್ಲಿ ಒರಗಿಸಿ, ಬಹೀಗಾ ಔಷಧ ತರಲು ಹೋದಾಗ ಅವನು ಕೇಳಿದ.

“ಇಳೀತು ಅಂತಿದ್ದೆಯಲ್ಲ?”

“ಒಂದ್ಸಲಾನೂ ಇಳೀಲಿಲ್ಲ, ಬಹೀಗಾಳ ಅಪ್ಪ.”

“ಮತ್ತೆ ಯಾಕೆ ಹಂಗಂದೆ?”

“ಮೊದಲ್ನೇ ದಿನ ನಿನ್ನ ಮುಖ ನೋಡಿ ಅಂದೆ. ಆಮೇಲೆ ನೀನು ಓಣಿಗೆಲ್ಲ ಸಾರಿದೆ. ಹೆಂಡ್ತಿಗೇ ನಾಟದ ಪಾನಕಾನ ಯಾರು ಮುಟ್ತಿದ್ರು?”

ಅವನು ಲೆಕ್ಕ ಹಾಕಿದ, ಹಾಕದಿರಲು ಆಗಲಿಲ್ಲ. ಪ್ರತಿ ಸಂಜೆಯೂ ಅವಳು ನೋವನ್ನು ನುಂಗಿದ್ದಳು, ಪ್ರತಿ ಬೆಳಿಗ್ಗೆಯೂ ಅವನು ಅದನ್ನೇ ಪಾನಕದ ಹೆಗ್ಗಳಿಕೆಯಾಗಿ ಮಾರಿದ್ದ. ಅವಳು ಇಳಿಯಲಿಲ್ಲ ಎಂದು ಒಂದೇ ಒಂದು ಸಂಜೆ ಹೇಳಿದ್ದರೆ ಸಾಕಿತ್ತು. ಹಾಗೆ ಹೇಳಲು ಅವನು ಎಡೆಯನ್ನೇ ಬಿಟ್ಟಿರಲಿಲ್ಲ. ಉತ್ತರವನ್ನು ಮುಂದಿಟ್ಟುಕೊಂಡೇ ಪ್ರಶ್ನೆ ಕೇಳಿದ್ದ.

ನಬವಿಯಾ, ಅಡುಗೆಗೆ ಉಪ್ಪು ಸಾಕೇ ಎಂದು ಕೇಳುವ ದನಿಯಲ್ಲಿ ಕೇಳಿದಳು.

“ಇನ್ಮೇಲೆ ನಾನು ನರಳಬೌದಾ?”

ಅವನು ಮಂಚದ ಅಂಚಿನಲ್ಲಿ ಕುಳಿತ. ಆ ಒಂದು ವರ್ಷದಲ್ಲಿ ಕೇಳದೆ ಉಳಿದಿದ್ದ ಪ್ರಶ್ನೆಯನ್ನು ಆಗ ಕೇಳಿದ.

“ಎಲ್ಲಿ ನೋವು, ನಬವಿಯಾ?”

ಅವಳು ಅವನ ಕೈಯನ್ನು ಹಿಡಿದು ಪಕ್ಕೆಲುಬಿನ ಕೆಳಗೆ ಇರಿಸಿಕೊಂಡಳು. ನಾರು ತಿಕ್ಕಿ ಕಂದುಗಟ್ಟಿದ ಆ ಅಂಗೈಗೆ ಗಟ್ಟಿಯಾದುದೊಂದು ತಾಗಿತು. ಅವನು ಕೈ ತೆಗೆಯಲಿಲ್ಲ. ಅವಳು ಕಣ್ಣು ಮುಚ್ಚಿ, ಮೊದಲು ಮೆಲ್ಲಗೆ, ಆಮೇಲೆ ಗಂಟಲು ಬಿಚ್ಚಿ ನರಳಿದಳು. ಕೆಳಗೆ ಓಣಿಯಲ್ಲಿ ಮಾತುಗಳು ನಿಂತವು. ಯಾರೋ ತಲೆಯೆತ್ತಿ ನೋಡಿದರು. ಕಿಟಕಿ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಅವನು ಅದನ್ನು ಮುಚ್ಚಲಿಲ್ಲ.